ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ: ವಾಚ್ ಕಟ್ಟಿಕೊಂಡು ನಿಧಾನ ನಡೆಯುವ, ಹಕ್ಕಿ ನೋಡುವ ಬಗೆ

ಮಂಗಳೂರಿನವರಿಗೆ ನೀರಿನ ಬದಿ ನಡೆಯಲು ಜಾಗ ಹುಡುಕುವ ಕಷ್ಟ ಇಲ್ಲ. ಗುರುಪುರ ಹೊಳೆ ಕಡಲಿನ ಹತ್ತಿರ ಬಂದೂ ಸೀದಾ ಕಡಲು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಕಡಲಿನ ಪಕ್ಕದಲ್ಲೇ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆ ಬಾಗಿಲಲ್ಲಿ ಇಳಿಯುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ಉದ್ದ ಪಟ್ಟಿಯೇ ತಣ್ಣೀರುಬಾವಿ, ಬೆಂಗ್ರೆ. ಒಂದೇ ಬೆಳಿಗ್ಗೆ ಹೊಳೆ ಹಕ್ಕಿಯನ್ನೂ ಕಡಲ ಹಕ್ಕಿಯನ್ನೂ ಕಾಲ್ನಡಿಗೆಯಲ್ಲೇ ನೋಡಬಹುದಾದ ಜಾಗ ಇದು.

ಇಲ್ಲಿ ಹೇಳುವುದು ಆ ಒಂದು ನಡಿಗೆಯ ಬಗ್ಗೆ. ಜೊತೆಗೆ ಕೈಗೆ ಕಟ್ಟುವ ವಾಚಿನ ಬಗ್ಗೆ. ಹಕ್ಕಿ ನೋಡುವುದಕ್ಕೂ ವಾಚಿಗೂ ಏನು ಸಂಬಂಧ ಅಂತ ನನ್ನ ಹೆಂಡತಿಯೂ ಕೇಳಿದ್ದಳು. ಮೊದಲು ನಾನು ಟೈಮ್ ನೋಡಲು ಮೊಬೈಲ್ ತೆಗೆಯುತ್ತಿದ್ದೆ. ಒಂದು ಭಾನುವಾರ ಹೀಗೇ ತೆಗೆದವನು ಕುಟುಂಬದ ಗ್ರೂಪಿಗೆ ಬಂದ ಶುಭೋದಯದ ಹೂವು ನೋಡುತ್ತಾ ನಿಂತೆ. ತಲೆ ಎತ್ತುವಷ್ಟರಲ್ಲಿ ಕಡಲ ಹದ್ದು ಮೀನು ಹಿಡಿದು ಹೊರಟಾಗಿತ್ತು. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ಹುಡುಗ ಎಲ್ಲವನ್ನೂ ನೋಡಿದ್ದ. ಮರುವಾರದಿಂದ ಮೊಬೈಲ್ ಚೀಲಕ್ಕೆ ಹೋಯಿತು, ಅಪ್ಪನ ವಾಚ್ ಕೈಗೆ ಬಂತು.

ಅದಾದ ಮೇಲೆ ಗೊತ್ತಾಯಿತು, ವಾಚಿನ ಕೆಲಸ ಬರೀ ಟೈಮ್ ಹೇಳುವುದಲ್ಲ. ಒಂದು ಕಡೆ ಹತ್ತು ನಿಮಿಷ ನಿಲ್ಲಬೇಕು ಅಂದರೆ ನಿಜವಾಗಿ ಹತ್ತು ನಿಮಿಷ ನಿಲ್ಲಿಸುವುದು ಅದೇ. ವಾಚ್ ಇಲ್ಲದೆ ಸುಮ್ನೆ ನಿಂತು ನೋಡಿ, ಮೂರು ನಿಮಿಷಕ್ಕೇ ಹತ್ತು ಆಯಿತು ಅನಿಸುತ್ತದೆ.

ಮೊದಲು ನೀರಿನ ಹೊತ್ತು ನೋಡಿ

ಹಕ್ಕಿ ನೋಡಲು ಬೆಳಿಗ್ಗೆ ಬೇಗ ಹೋಗಬೇಕು ಎಂಬುದು ಕಾಡಿಗೆ ಸರಿ. ಅಳಿವೆಯಲ್ಲಿ ಅರ್ಧ ಮಾತ್ರ ಸರಿ. ಇಲ್ಲಿನ ಹಕ್ಕಿಗಳು ಸೂರ್ಯನ ಜೊತೆಗೆ ಉಬ್ಬರ ಇಳಿತವನ್ನೂ ನೋಡಿಕೊಂಡು ಊಟಕ್ಕೆ ಕೂರುತ್ತವೆ. ನೀರು ಇಳಿದಾಗ ಹೊಳೆಬದಿಯ ಕೆಸರು, ಕಡಲಬದಿಯ ಒದ್ದೆ ಮರಳು ತೆರೆದುಕೊಳ್ಳುತ್ತದೆ. ಹುಳ, ಸಣ್ಣ ಏಡಿ, ಚಿಪ್ಪಿನ ಜೀವಿಗಳೆಲ್ಲ ಅಲ್ಲೇ ಇರುವುದು. ಉಬ್ಬರ ತುಂಬಿದಾಗ ಅದೇ ಹಕ್ಕಿಗಳು ಎಲ್ಲೋ ಒಂದು ದಿಬ್ಬದ ಮೇಲೆ ಗುಂಪಾಗಿ ಕೂತು ನಿದ್ದೆ ಹೊಡೆಯುತ್ತವೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಸಮ ಅಲ್ಲ, ಒಂದು ಜಾಸ್ತಿ, ಒಂದು ಕಡಿಮೆ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಇಳಿತವೂ ದಿನಕ್ಕೆ ಅಷ್ಟೇ ಮುಂದೆ ಹೋಗುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ಪೂರ್ತಿ ಇಳಿದಿದ್ದರೆ ನಾಳೆ 8ರ ಹತ್ತಿರ. ಹದಿನೈದು ದಿನ ಬಿಟ್ಟರೆ ಹೆಚ್ಚುಕಡಿಮೆ ಮತ್ತೆ ಇವತ್ತಿನ ಹೊತ್ತಿಗೇ ಬಂದು ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಕೆಸರು ಹೆಚ್ಚು ಕಾಣುವುದು ಆಗಲೇ.

ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆಯ ಜಾಲತಾಣದಲ್ಲಿ ಉಬ್ಬರ ಇಳಿತದ ಮುನ್ಸೂಚನೆ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಒಮ್ಮೆ ನೋಡಿ, ಇಳಿತದ ಹೊತ್ತನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪೂರ್ತಿ ಇಳಿಯುವುದಕ್ಕೆ ಒಂದೂವರೆ ಗಂಟೆ ಮುಂಚೆ ಹೊಳೆಬದಿಯಲ್ಲಿರುವ ಹಾಗೆ ಹೊರಡಿ. ಇಳಿಯುತ್ತಿರುವ ನೀರು ಇಳಿದು ಮುಗಿದ ನೀರಿಗಿಂತ ಒಳ್ಳೆಯದು. ಕೆಸರು ಹೊಸದಾಗಿ ತೆರೆದುಕೊಳ್ಳುತ್ತಾ ಹೋದಂತೆ ಹಕ್ಕಿಗಳು ನೀರಿನ ಅಂಚನ್ನೇ ಹಿಂಬಾಲಿಸುತ್ತವೆ. ಒಂದೂ ತಲೆ ಮೇಲೆತ್ತುವುದಿಲ್ಲ.

ಕಾಲದ ಲೆಕ್ಕವೂ ಬೇಕು. ವಲಸೆ ಹಕ್ಕಿಗೆ ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಗದ್ದೆಗೊರವ ಎಂಬ ಸಣ್ಣ ಹಕ್ಕಿ ಮಾತ್ರ ಆಗಸ್ಟ್ ಮುಗಿಯುವ ಹೊತ್ತಿಗೇ ಬಂದಿರುತ್ತದೆ, ಮಳೆ ಇನ್ನೂ ನಿಂತಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕಡಲೂ ರೌದ್ರ. ಆ ಎರಡು ತಿಂಗಳು ನಾನು ಈ ಕಡೆ ಬರುವುದಿಲ್ಲ.

ಯಾವ ವಾಚ್ ಕಟ್ಟಬೇಕು

ನಿಮಗೆ ಇಷ್ಟವಾದದ್ದು. ಇಷ್ಟವಿಲ್ಲದ ವಾಚನ್ನು ಯಾರೂ ಮತ್ತೆ ಮತ್ತೆ ನೋಡುವುದಿಲ್ಲ. ಆದರೆ ಸೆಕೆಂಡ್ ಮುಳ್ಳು ಇರಲಿ, ಅಂಕಿ ಒಂದೇ ನೋಟಕ್ಕೆ ಕಾಣಲಿ. ದುರ್ಬೀನು ಕಣ್ಣಿನಲ್ಲೇ ಇಟ್ಟುಕೊಂಡು ಓರೆಗಣ್ಣಿನಲ್ಲಿ ಕೈ ನೋಡುವ ಸಂದರ್ಭ ಬರುತ್ತದೆ.

ನನ್ನದು ಎಚ್‌ಎಂಟಿ ಜನತಾ, ದಿನಾ ಕೀ ಕೊಡುವಂಥದ್ದು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚ್ ತಯಾರಿಕೆ ಶುರುವಾಯಿತು. ಆಮೇಲೆ ಎಷ್ಟೋ ವರ್ಷ ಮದುವೆಗೆ, ಪರೀಕ್ಷೆ ಪಾಸಾದದ್ದಕ್ಕೆ, ಕೆಲಸದಿಂದ ನಿವೃತ್ತಿಯಾದದ್ದಕ್ಕೆ ಎಲ್ಲಕ್ಕೂ ಅದೇ ಉಡುಗೊರೆ. ಈಗ ಆ ವಾಚ್ ವಿಭಾಗವೇ ಮುಚ್ಚಿದೆ. ಆದರೆ ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಮಲಗಿರಬಹುದು, ಹುಡುಕಿ ನೋಡಿ. ಈ ಯಂತ್ರ ಗಂಟೆಗೆ 18,000 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಗಾಳಿ ಇಲ್ಲದ ಬೆಳಿಗ್ಗೆ ದೋಣಿ ಕಾಯುವಾಗ ಕಿವಿಗೆ ಹಿಡಿದರೆ ಚೆನ್ನಾಗಿ ಕೇಳುತ್ತದೆ.

ಕೀ ಕೊಡುವುದನ್ನು ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಾಡಿ. ಕೈಯಿಂದ ಬಿಚ್ಚಿ ಕೀ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಕೀ ಓರೆಯಾಗಿ ಎಳೆದು ಕಂಬಿ ಸವೆಯುತ್ತದೆ. ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ. ಹಳೆಯ ಕೀ ವಾಚು ದಿನಕ್ಕೆ ಅರ್ಧ ನಿಮಿಷ ಅತ್ತಿತ್ತ ಆಗುವುದು ಸಹಜ. ಹೊರಡುವ ಮುಂಚೆ ಸರಿಮಾಡಿಕೊಂಡರೆ ಸಾಕು.

ಇನ್ನು ನೀರಿನ ವಿಷಯ. ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಪಾಠ ಕಲಿತವನು ನಾನು. ಜನತಾದ ಮುಖದ ಮೇಲೆ ‘ಪ್ಯಾರಾಶಾಕ್’ ಅಂತ ಬರೆದಿರುತ್ತದೆ. ಅದು ಪೆಟ್ಟು ತಡೆಯುವ ಏರ್ಪಾಡಿನ ಹೆಸರು. ನೀರು ತಡೆಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಹೊಸ ವಾಚುಗಳ ಹಿಂಬದಿಯಲ್ಲಿ ‘30 ಮೀಟರ್’ ಅಂತ ಇದ್ದರೆ ಅಷ್ಟು ಆಳಕ್ಕೆ ಮುಳುಗಬಹುದು ಅಂತಲ್ಲ. ಕೈ ತೊಳೆಯುವಾಗ ಸಿಡಿದ ನೀರು, ನಾಲ್ಕು ಹನಿ ಮಳೆ, ಅಷ್ಟಕ್ಕೆ ಮಾತ್ರ. ಈಜುವವರಿಗೆ 100 ಮೀಟರ್ ಬರೆದದ್ದು ಬೇಕು.

ನಾನು ಒಮ್ಮೆ ದೋಣಿಯಿಂದ ಇಳಿಯುವಾಗ ಜಾರಿ ಎಡಗೈ ನೀರಿಗೆ ಊರಿದೆ. ವಾಚ್ ಮುಳುಗಿತು. ಗಾಜಿನೊಳಗೆ ಮಂಜು ಕೂತಿತು. ಬಿಸಿಲಿಗೆ ಇಟ್ಟರೆ ಒಣಗುತ್ತದೆ ಅಂತ ಎರಡು ದಿನ ಕಟ್ಟೆ ಮೇಲೆ ಇಟ್ಟೆ. ಮಂಜು ಹೋಯಿತು, ವಾಚೂ ನಿಂತಿತು. ರಿಪೇರಿಯವರು ಮುಚ್ಚಳ ತೆರೆದು ನನ್ನ ಮುಖ ನೋಡಿದರು. “ಉಪ್ಪುನೀರು ಹೋದ ವಾಚ್ ಅವತ್ತೇ ತರಬೇಕು ಮಾರಾಯ್ರೆ. ತುಕ್ಕು ಹಿಡಿದ ಮೇಲೆ ನಾನು ಎಂತ ಮಾಡುದು?” ಬಿಚ್ಚಿ ತೊಳೆದು, ಒಂದು ಸ್ಪ್ರಿಂಗ್ ಬದಲಾಯಿಸಿ ಕೊಟ್ಟರು. ನಿಮಗೂ ಹೀಗಾದರೆ ಕೀ ಕೊಡಬೇಡಿ, ಅಕ್ಕಿ ಡಬ್ಬಕ್ಕೆ ಹಾಕಬೇಡಿ, ಬಿಸಿಲಿಗೆ ಇಡಬೇಡಿ. ಸೀದಾ ರಿಪೇರಿ ಅಂಗಡಿಗೆ ಹೋಗಿ. ಈಗ ನನ್ನ ಚೀಲದಲ್ಲಿ ಒತ್ತಿ ಮುಚ್ಚುವ ಸಣ್ಣ ಪ್ಲಾಸ್ಟಿಕ್ ಲಕೋಟೆ ಇರುತ್ತದೆ. ದೋಣಿ ಹತ್ತುವ ಮುಂಚೆ ವಾಚ್ ಅದರೊಳಗೆ.

ಬೆಲ್ಟಿನ ಬಗ್ಗೆ ಎರಡು ಮಾತು. ನಮ್ಮೂರಿನ ಬೆವರಿಗೆ ಚರ್ಮದ ಬೆಲ್ಟ್ ಒಂದು ವರ್ಷವೂ ಬರುವುದಿಲ್ಲ, ವಾಸನೆ ಬೇರೆ. ನೈಲಾನಿನ ಒಂದೇ ಪಟ್ಟಿ ಹಾಕಿಸಿ. ಅದು ವಾಚಿನ ಬೆನ್ನ ಹಿಂದಿನಿಂದ ತೂರಿ ಬರುವುದರಿಂದ ಒಂದು ಬದಿಯ ಕಡ್ಡಿ ಕಳಚಿದರೂ ವಾಚ್ ನೀರಿಗೆ ಬೀಳುವುದಿಲ್ಲ. ಸೊಳ್ಳೆಗೆ ಹಚ್ಚುವ ಕ್ರೀಮಿನಲ್ಲಿ ಡೀಟ್ (DEET) ಎಂಬ ರಾಸಾಯನಿಕ ಇದ್ದರೆ ಜಾಗ್ರತೆ. ಅದು ಪ್ಲಾಸ್ಟಿಕನ್ನು ತಿನ್ನುತ್ತದೆ. ಹಳೆಯ ವಾಚಿನ ಗಾಜು ನಿಜವಾದ ಗಾಜಲ್ಲ, ಅಕ್ರಿಲಿಕ್. ಕ್ರೀಮ್ ಹಚ್ಚಿದ ಬೆರಳಿನಿಂದ ಮುಟ್ಟಿದರೆ ಮಸುಕಾಗುತ್ತದೆ. ದುರ್ಬೀನಿನ ರಬ್ಬರಿಗೂ ಅದೇ ಗತಿ. ಮತ್ತೆ ಅಯಸ್ಕಾಂತ ಇರುವ ಮೊಬೈಲ್ ಕವರಿನ ಪಕ್ಕ ವಾಚ್ ಇಡಬೇಡಿ. ಒಳಗಿನ ಕೂದಲಿನಂಥ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚ್ ಸಿಕ್ಕಾಪಟ್ಟೆ ಮುಂದೆ ಓಡುತ್ತದೆ.

ದುರ್ಬೀನು, ಚೀಲ

8x42 ದುರ್ಬೀನು ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10 ಪಟ್ಟಿನದು ಇನ್ನೂ ಚೆನ್ನ ಅಂತ ಅನಿಸಬಹುದು. ಕಡಲ ಗಾಳಿಗೆ ಕೈ ನಡುಗಿದಾಗ ಆ ನಡುಕವೂ ಹತ್ತು ಪಟ್ಟು.

ಹೊಸಬರು ಮಾಡದೆ ಬಿಡುವ ಕೆಲಸ ಒಂದಿದೆ. ದುರ್ಬೀನನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದು. ಬಲಗಣ್ಣು ಮುಚ್ಚಿ, ದೂರದ ಒಂದು ಬೋರ್ಡನ್ನು ಎಡಗಣ್ಣಿನಿಂದ ನೋಡಿ, ನಡುವಿನ ಚಕ್ರ ತಿರುಗಿಸಿ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಹತ್ತಿರ ಇರುವ ಸಣ್ಣ ಬಳೆ ತಿರುಗಿಸಿ ಅದೇ ಬೋರ್ಡು ಸ್ಪಷ್ಟ ಮಾಡಿ. ಒಮ್ಮೆ ಮಾಡಿದರೆ ಮುಗಿಯಿತು. ಇದನ್ನು ಮಾಡದೆ ತಲೆನೋವು ಅಂತ ದುರ್ಬೀನು ಮೂಲೆಗಿಟ್ಟವರನ್ನು ನೋಡಿದ್ದೇನೆ.

ಚೀಲದಲ್ಲಿ ನೀರು, ಟೋಪಿ, ಸಣ್ಣ ನೋಟ್‌ಬುಕ್, ಪೆನ್ಸಿಲ್, ದೋಣಿಗೆ ಚಿಲ್ಲರೆ. ಕೆಸರಾದರೂ ಪರವಾಗಿಲ್ಲ ಅನ್ನುವಂಥ ಚಪ್ಪಲಿ ಕಾಲಿಗೆ.

ಬತ್ತೇರಿಯಲ್ಲಿ ಮೊದಲ ಹತ್ತು ನಿಮಿಷ

ಬೋಳೂರಿನ ಸುಲ್ತಾನ್ ಬತ್ತೇರಿಯವರೆಗೆ ಸಿಟಿ ಬಸ್ಸಿನಲ್ಲೂ ಬರಬಹುದು, ಸ್ಕೂಟರಿನಲ್ಲೂ. ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಂತೆ ಕಾಯಲು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಇದು. ಕರಿಕಲ್ಲಿನ ಗೋಡೆ, ಗೋಡೆಯಲ್ಲಿ ಬಂದೂಕಿನ ಕಿಂಡಿ. ಹೊಳೆ ಕಾಯಲು ಅವರು ಆರಿಸಿದ ಜಾಗ ಹಕ್ಕಿ ಕಾಯಲೂ ಒಳ್ಳೆಯದು. ಮೆಟ್ಟಿಲು ಹತ್ತಿ ಮೇಲೆ ನಿಲ್ಲಿ.

ಜನವರಿಯಲ್ಲಿ ಸೂರ್ಯ ಹುಟ್ಟುವುದು 7ಕ್ಕೆ ಐದು ನಿಮಿಷ ಇರುವಾಗ. ಬೆಳಿಗ್ಗೆ ಇಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಬಿಸಿಲು ನಿಮ್ಮ ಬೆನ್ನಿಗೆ, ಹಕ್ಕಿಯ ಮೈಗೆ. ಬಣ್ಣ ಎಲ್ಲ ಕಾಣುತ್ತದೆ. ಸಂಜೆ ಬಂದರೆ ಲೆಕ್ಕ ಉಲ್ಟಾ, ಎಲ್ಲ ಹಕ್ಕಿಯೂ ಕಪ್ಪು ಹಕ್ಕಿಯೇ. ಸಂಜೆಯೇ ಬರಬೇಕಾದವರು ಆಚೆ ದಡಕ್ಕೆ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಲ್ಲಿ.

ಈಗ ವಾಚ್ ನೋಡಿ. ಹತ್ತು ನಿಮಿಷ. ಕೂತರೂ ಆದೀತು, ಜಾಗ ಮಾತ್ರ ಬಿಡಬಾರದು. ಮೊದಲ ಎರಡು ಮೂರು ನಿಮಿಷ ಏನೂ ಕಾಣುವುದಿಲ್ಲ, ಕಾಗೆ ಬಿಟ್ಟು. ನೀವು ಬಂದದ್ದಕ್ಕೆ ಎದ್ದು ಹೋದ ಹಕ್ಕಿಗಳು ನೀವು ಅಲುಗಾಡದಿದ್ದರೆ ಮಾತ್ರ ವಾಪಸ್ ಬರುವುದು. ನನ್ನ ಅನುಭವದಲ್ಲಿ ಐದನೇ ನಿಮಿಷಕ್ಕೆ ಮಿಂಚುಳ್ಳಿ ಅದೇ ಕಂಬಕ್ಕೆ ಬಂದು ಕೂರುತ್ತದೆ. ಏಳನೇ ನಿಮಿಷಕ್ಕೆ ಅಲ್ಲೇ ಕಾಲಬುಡದಲ್ಲಿ ಇಷ್ಟು ಹೊತ್ತೂ ಕೊಳದ ಬಕ ಕೂತಿತ್ತು ಅಂತ ಗೊತ್ತಾಗುತ್ತದೆ. ಕಂದು ಬೆನ್ನಿನ ಆ ಕಳ್ಳ ಹಾರಿದಾಗ ಮಾತ್ರ ಬೆಳ್ಳಗೆ ಕಾಣುವುದು.

ಮೇಲೆ ನೋಡಲು ಮರೆಯಬೇಡಿ. ತುಳುವಿನಲ್ಲಿ ಗಿಡಿ ಅಂದರೆ ಎಲ್ಲವೂ ಬಂತು, ಆದರೆ ಇಲ್ಲಿ ಮೂರು ಬಗೆ ಸುಲಭವಾಗಿ ಸಿಗುತ್ತವೆ. ಬಿಳಿ ತಲೆ, ಬಿಳಿ ಎದೆ, ಉಳಿದ ಮೈ ಇಟ್ಟಿಗೆ ಬಣ್ಣ ಇದ್ದರೆ ಗರುಡ. ಪೂರ್ತಿ ಕಂದು, ಬಾಲದ ತುದಿ ಕವಲು ಇದ್ದರೆ ಸಾಮಾನ್ಯ ಹದ್ದು. ಇವೆರಡಕ್ಕಿಂತ ಬಹಳ ದೊಡ್ಡದು, ಹೊಟ್ಟೆ ಬಿಳಿ, ರೆಕ್ಕೆಯ ಅಂಚು ಕಪ್ಪು, ತೇಲುವಾಗ ರೆಕ್ಕೆ ಎರಡೂ ಮೇಲಕ್ಕೆ ಎತ್ತಿದ ಹಾಗೆ ಇದ್ದರೆ ಕಡಲ ಹದ್ದು. ಅದು ಮೀನಿನ ಜೊತೆ ಕಡಲ ಹಾವನ್ನೂ ಹಿಡಿಯುತ್ತದೆ.

ಜೊತೆಯಲ್ಲಿ ಯಾರಾದರೂ ಇದ್ದರೆ ‘ಅಲ್ಲಿ ನೋಡು, ಆ ಮರದ ಪಕ್ಕ, ಆ ಮರ ಅಲ್ಲ’ ಅಂತ ಶುರುವಾಗುತ್ತದೆ. ಇದಕ್ಕೆ ವಾಚೇ ಮದ್ದು. ಎದುರಿನ ದಡದ ಜೆಟ್ಟಿಯನ್ನು 12 ಅಂತ ಇಟ್ಟುಕೊಳ್ಳಿ. ಬಲಗೈ ನೇರಕ್ಕೆ 3, ಎಡಗೈ ನೇರಕ್ಕೆ 9. ‘ಗರುಡ, ಎರಡು ಗಂಟೆ, ತೆಂಗಿನ ತಲೆಯಿಂದ ಮೇಲೆ’ ಅಂದರೆ ಮುಗಿಯಿತು. ದೋಣಿಯಲ್ಲಿ ಕೂತಾಗ ದೋಣಿಯ ಮೂತಿ 12.

ವಾಚಿನಿಂದ ದಕ್ಷಿಣ ದಿಕ್ಕು ಹುಡುಕುವ ಉಪಾಯ ಕೆಲವರಿಗೆ ಗೊತ್ತಿರಬಹುದು. ಗಂಟೆಯ ಮುಳ್ಳನ್ನು ಸೂರ್ಯನಿಗೆ ಹಿಡಿದು, ಅದಕ್ಕೂ 12ಕ್ಕೂ ನಡುವೆ ನೋಡುವುದು. ನಮ್ಮೂರಲ್ಲಿ ಚಳಿಗಾಲದಲ್ಲಿ ಅಂದಾಜಿಗೆ ಸರಿ ಬರುತ್ತದೆ. ಏಪ್ರಿಲ್ 24ರ ಹೊತ್ತಿಗೂ ಆಗಸ್ಟ್ 18ರ ಹೊತ್ತಿಗೂ ಸೂರ್ಯ ಮಂಗಳೂರಿನ ನೆತ್ತಿಯ ಮೇಲೇ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೇ ಹೋಗಿರುತ್ತಾನೆ, ಆಗ ಈ ಉಪಾಯ ಕೆಡುತ್ತದೆ. ಅಂದ ಹಾಗೆ ನಮ್ಮ ವಾಚಿನಲ್ಲಿ 12 ಆದಾಗ ನಮಗೆ ನಿಜವಾದ ಮಧ್ಯಾಹ್ನ ಆಗಿರುವುದಿಲ್ಲ. ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು 75ರ ಹತ್ತಿರ. ಸೂರ್ಯ ನಮಗೆ ಅರ್ಧ ಗಂಟೆ ತಡ. ಇಷ್ಟೆಲ್ಲ ಗೊತ್ತಿದ್ದರೂ ಇಲ್ಲಿ ದಿಕ್ಕು ತಪ್ಪುವ ಪ್ರಶ್ನೆಯೇ ಇಲ್ಲ. ಅಲೆಯ ಸದ್ದು ಎಲ್ಲಿಂದಲೋ ಅದೇ ಪಶ್ಚಿಮ, ಅಲ್ವಾ?

ದೋಣಿ ದಾಟುವುದು

ಹೊಳೆ ದಾಟಲು ಕೆಲವೇ ನಿಮಿಷ. ಹತ್ತುವಾಗಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ದೋಣಿ ನಿಲ್ಲುವುದುಂಟು, ಆಗ ಪಣಂಬೂರಿನ ಕಡೆಯಿಂದ ರಸ್ತೆಯಲ್ಲಿ ಸುತ್ತಿ ಬರಬೇಕು. ವಾಚ್ ಲಕೋಟೆಗೆ ಹಾಕಿದಿರಾ? ಸರಿ.

ದಾಟುವಾಗ ನೀರುಕಾಗೆ ನೋಡಿ. ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ, ಪಟ್ಟನೆ ಮುಳುಗುತ್ತದೆ. ಆಚೆ ದಡಕ್ಕೆ ಹೋದ ಮೇಲೆ ವಾಚ್ ಕಟ್ಟಿಕೊಂಡು ಒಂದು ಆಟ ಆಡಬಹುದು. ಅದು ಮುಳುಗಿದ ಕೂಡಲೇ ಸೆಕೆಂಡ್ ಮುಳ್ಳು ನೋಡಿ. ಎಷ್ಟು ಸೆಕೆಂಡಿಗೆ, ಎಲ್ಲಿ ಏಳುತ್ತದೆ? ಹತ್ತು ಸಲ ಅಳೆದು ಬರೆದುಕೊಳ್ಳಿ. ಮೀನು ಸಿಕ್ಕಿದ ಮುಳುಗಿಗೂ ಸಿಗದ ಮುಳುಗಿಗೂ ಎಷ್ಟು ವ್ಯತ್ಯಾಸ ಅಂತ ನೀವೇ ನೋಡುವಿರಿ. ಮಕ್ಕಳನ್ನು ಕರೆದುಕೊಂಡು ಹೋದರೆ ಇದೊಂದೇ ಆಟದಲ್ಲಿ ಅರ್ಧ ಗಂಟೆ ಹೋಗುತ್ತದೆ. ಅಷ್ಟು ಹೊತ್ತು ಮುಳುಗಿ ಎದ್ದ ಹಕ್ಕಿ ಕಂಬದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ಅದರ ಗರಿ ಬಾತುಕೋಳಿಯದರ ಹಾಗೆ ನೀರನ್ನು ಪೂರ್ತಿ ದೂರ ಇಡುವುದಿಲ್ಲ.

ಹೊಳೆಬದಿ

ದಡದುದ್ದಕ್ಕೂ ತೆಂಗು, ಮನೆ, ಒಣಗಲು ಹಾಕಿದ ಬಲೆ. ಬಲೆ ತುಳಿಯಬೇಡಿ, ದಾಟಬೇಕಾದರೆ ಕೇಳಿ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು ಇರುತ್ತಾರೆ. “ಎಂತ ನೋಡುದು?” ಅಂತ ಕೇಳಿದರೆ ದುರ್ಬೀನು ಕೊಟ್ಟು ತೋರಿಸಿ. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಅಂತ ಅವರು ಹೇಳಿದಷ್ಟು ಚೆನ್ನಾಗಿ ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಇಲ್ಲಿ ಹೊಸಬರನ್ನು ಗೊಂದಲಕ್ಕೆ ಹಾಕುವುದು ಬೆಳ್ಳಕ್ಕಿ. ತುಳುವಿನ ಕೊರ್ಂಗು ಎಲ್ಲ ಒಂದೇ ಅಲ್ಲ. ಕೊಕ್ಕು ನೋಡಿ, ಆಮೇಲೆ ಪಾದ ನೋಡಿ. ಕಪ್ಪು ಕೊಕ್ಕು, ಕಪ್ಪು ಕಾಲು, ಪಾದ ಮಾತ್ರ ಹಳದಿ ಕಾಲುಚೀಲ ಹಾಕಿದ ಹಾಗೆ ಇದ್ದರೆ ಸಣ್ಣ ಬೆಳ್ಳಕ್ಕಿ. ಕುಳ್ಳ, ಹಳದಿ ಕೊಕ್ಕು, ದನದ ಹಿಂದೆ ಓಡಾಡುವುದು ಗೋವಕ್ಕಿ. ಎಲ್ಲಕ್ಕಿಂತ ಎತ್ತರ, ಕತ್ತು ಹಾವಿನ ಹಾಗೆ ಬಾಗಿದ್ದರೆ ದೊಡ್ಡ ಬೆಳ್ಳಕ್ಕಿ. ಇವೆಲ್ಲದರ ನಡುವೆ ಮಸಿ ಬಳಿದ ಹಾಗೆ ಬೂದುಗಪ್ಪಾಗಿ, ಗಂಟಲಲ್ಲಿ ಮಾತ್ರ ಬಿಳಿ ಇರುವ ಒಂದು ಬೆಳ್ಳಕ್ಕಿ ಕಂಡರೆ ಅದು ಬೇರೆ ಜಾತಿ, ಕಡಲಂಚಿನ ರೀಫ್ ಬೆಳ್ಳಕ್ಕಿ. ಊರೊಳಗಿನ ಗದ್ದೆಯಲ್ಲಿ ಸಿಗುವುದಲ್ಲ. ಅದು ಮೀನನ್ನು ಓಡಿಸಿಕೊಂಡು, ರೆಕ್ಕೆ ಅರ್ಧ ಬಿಚ್ಚಿ, ಕುಡಿದವರ ಹಾಗೆ ತೂರಾಡುತ್ತಾ ಬೇಟೆಯಾಡುತ್ತದೆ. ಇದಕ್ಕೆ ಒಂದು ಹತ್ತು ನಿಮಿಷ ಪೂರ್ತಿ ಕೊಡಿ.

ಕಲ್ಲಿನಿಂದ ಕಲ್ಲಿಗೆ ಹೋಗುತ್ತಾ ಬಾಲದ ಭಾಗವನ್ನು ಒಂದೇ ಸಮ ಕುಣಿಸುವ ಸಣ್ಣ ಕಂದು ಹಕ್ಕಿ ಗದ್ದೆಗೊರವ. ಎದೆಯ ಬದಿಯಿಂದ ಭುಜದ ಕಡೆಗೆ ಬಿಳಿ ಹತ್ತಿದ್ದು ಗುರುತು. ಮಿಂಚುಳ್ಳಿಯಲ್ಲಿ ಕಂದು ತಲೆ ಬಿಳಿ ಎದೆಯದ್ದು ತಂತಿ ಮೇಲೇ ಸಿಗುತ್ತದೆ. ಕಪ್ಪು ಬಿಳಿ ಮಿಂಚುಳ್ಳಿ ಗಾಳಿಯಲ್ಲೇ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಕೆಳಗೆ ನೋಡಿ, ಧುಮುಕುತ್ತದೆ. ಇದಕ್ಕೂ ಸೆಕೆಂಡ್ ಮುಳ್ಳು ಹಿಡಿಯಬಹುದು.

ಕಡಲಬದಿ

ಹೊಳೆಯಿಂದ ಕಡಲಿಗೆ ಅಡ್ಡ ದಾಟಲು ಹೆಚ್ಚು ಹೊತ್ತು ಬೇಡ. ಟ್ರೀ ಪಾರ್ಕ್ ಪಕ್ಕ, ಗಾಳಿಮರದ ನೆರಳಲ್ಲಿ ಹೋಗಿ ಮರಳಿಗೆ ಇಳಿಯಿರಿ. ಜನ ಸೇರುವ ಕಡೆಯಿಂದ ದಕ್ಷಿಣಕ್ಕೆ ಬೆಂಗ್ರೆ ಕಡೆ ನಡೆದರೆ ಹತ್ತೇ ನಿಮಿಷದಲ್ಲಿ ಗದ್ದಲ ಹಿಂದೆ ಉಳಿಯುತ್ತದೆ. ಅಲೆ ಒದ್ದೆ ಮಾಡಿದ ಗಟ್ಟಿ ಮರಳಿನಲ್ಲಿ ನಡೆಯಿರಿ, ಕಾಲು ಸೋಲುವುದಿಲ್ಲ.

ಸ್ವಲ್ಪ ದೂರದಲ್ಲಿ ಮರಳೇ ಓಡಿದ ಹಾಗೆ ಕಂಡರೆ ನಿಲ್ಲಿ. ಸಣ್ಣ ಪ್ಲೋವರ್‌ಗಳು. ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಬಗ್ಗಿ ಹೆಕ್ಕುತ್ತವೆ, ಮತ್ತೆ ಓಡುತ್ತವೆ. ಹಿಮಾಲಯದ ಆಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ ನಮ್ಮ ಕರಾವಳಿಗೆ ಚಳಿಗಾಲ ಕಳೆಯಲು ಬರುವ ಮರಳು ಪ್ಲೋವರ್ ಇವುಗಳಲ್ಲಿ ಇರುತ್ತದೆ. ಕುತ್ತಿಗೆಯ ಹಿಂದೆ ಪೂರ್ತಿ ಬಿಳಿ ಪಟ್ಟಿ ಇದ್ದರೆ ಅದು ಕೆಂಟಿಶ್ ಪ್ಲೋವರ್. ಇವುಗಳ ಹತ್ತಿರ ಹೋಗುವ ಕ್ರಮ ಇದೆ. ಸೀದಾ ಹೋಗಬೇಡಿ, ಓರೆಯಾಗಿ ಹೋಗಿ. ಇಪ್ಪತ್ತು ಹೆಜ್ಜೆ ನಡೆದು ಒಂದು ನಿಮಿಷ ವಾಚ್ ನೋಡಿಕೊಂಡು ನಿಲ್ಲಿ. ಮತ್ತೆ ಇಪ್ಪತ್ತು. ಹಕ್ಕಿಗಳು ತಿನ್ನುವುದು ಬಿಟ್ಟು ತಲೆ ಎತ್ತಿದರೆ ನಿಮ್ಮ ಗಡಿ ಅದು, ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ. ಒಂದು ಸಲ ಎಬ್ಬಿಸಿದರೆ ಅವುಗಳ ಊಟದ ಹೊತ್ತು ಹಾಳು. ಇಳಿತ ನಮಗಾಗಿ ಕಾಯುವುದಿಲ್ಲ, ಅವುಗಳಿಗೂ ಕಾಯುವುದಿಲ್ಲ. ಫೋಟೊಕ್ಕಾಗಿ ಗುಂಪನ್ನು ಹಾರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಎಳೆಯುತ್ತಿದ್ದರೆ ಅದೃಷ್ಟ. ಬಲೆ ದಡಕ್ಕೆ ಹತ್ತಿರ ಬಂದಂತೆ ಕಡಲಕ್ಕಿ (ಗಲ್), ರೀವ (ಟರ್ನ್), ಗರುಡ ಎಲ್ಲ ತಲೆ ಮೇಲೆ ಸೇರುತ್ತವೆ. ಕಡಲಕ್ಕಿಗೂ ರೀವಕ್ಕೂ ವ್ಯತ್ಯಾಸ ಹೀಗೆ: ರೀವ ಸಪೂರ, ಚೂಪು ರೆಕ್ಕೆ, ಕೊಕ್ಕು ಕೆಳಗೆ ಮಾಡಿ ಹಾರುತ್ತದೆ, ನೀರಿಗೆ ಧುಮುಕುತ್ತದೆ. ಕಡಲಕ್ಕಿ ದಪ್ಪ, ನೀರ ಮೇಲೆ ಬಾತುಕೋಳಿಯ ಹಾಗೆ ಕೂರುತ್ತದೆ. ಕೆಂಪು ಕೊಕ್ಕು, ಕೆಂಪು ಕಾಲು, ಬಿಳಿ ತಲೆಯಲ್ಲಿ ಕಿವಿಯ ಹತ್ತಿರ ಕಪ್ಪು ಚುಕ್ಕೆ ಇದ್ದರೆ ಕಂದುತಲೆಯ ಕಡಲಕ್ಕಿ ಇರಬಹುದು. ತಲೆ ಬಿಳಿ ಇರುವಾಗ ಕಂದುತಲೆ ಅಂತ ಯಾಕೆ ಹೆಸರು? ಆ ಕಂದು ಬೇಸಿಗೆಯ ಅಂಗಿ. ಮಾರ್ಚಿನಲ್ಲಿ ಹೋದರೆ ಕೆಲವು ಅದನ್ನು ಹಾಕಿಕೊಳ್ಳಲು ಶುರು ಮಾಡಿರುತ್ತವೆ.

ಗುಂಪು ದೊಡ್ಡದಿದ್ದರೆ ಒಂದೊಂದೇ ಎಣಿಸಲು ಹೋಗಬೇಡಿ. ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ಅಂತ ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ತುಂಡು ಎಷ್ಟಿವೆ ನೋಡಿ. ಎರಡು ಸಲ ಮಾಡಿದರೆ ಲೆಕ್ಕ ಹತ್ತಿರ ಬರುತ್ತದೆ. ಕೊನೆಗೆ, ಕಡಲಕ್ಕಿಗೆ ಮಿಕ್ಸ್‌ಚರ್ ಎಸೆಯಬೇಡಿ.

ಬರೆದುಕೊಳ್ಳುವುದು

ನಿಂತಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆದರೆ ಹನ್ನೆರಡು ಹಕ್ಕಿ ಇಪ್ಪತ್ತಾಗುತ್ತದೆ. ಹೊತ್ತು, ಜಾಗ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘7.42, ಹೊಳೆಬದಿ, ಇಳಿಯುತ್ತಿದೆ. ರೀಫ್ ಬೆಳ್ಳಕ್ಕಿ 1, ಕಪ್ಪು. ಆರು ಸಲ ಕುಕ್ಕಿತು, ಎರಡು ಮೀನು. ನಾಯಿ ಬಂತು, ಹೋಯಿತು.’

ಇದನ್ನು ಇ-ಬರ್ಡ್ ಆ್ಯಪಿಗೆ ಹಾಕಿದರೆ ಬೇರೆಯವರಿಗೂ ಉಪಯೋಗ. ಅದು ಶುರುವಾದ ಹೊತ್ತು, ಎಷ್ಟು ನಿಮಿಷ, ಎಷ್ಟು ದೂರ ಅಂತ ಕೇಳುತ್ತದೆ. ವಾಚ್ ನೋಡಿ ಬರೆದವರಿಗೆ ಇದು ಸುಲಭ. ಹೊಳೆಬದಿಗೆ ಒಂದು ಪಟ್ಟಿ, ಕಡಲಬದಿಗೆ ಇನ್ನೊಂದು ಪಟ್ಟಿ ಮಾಡಿ. ಗುರುತು ಸಿಗದ ಹಕ್ಕಿಗೆ ಹೆಸರು ಊಹಿಸಿ ಹಾಕಬೇಡಿ, ‘ಪ್ಲೋವರ್, ಯಾವುದೋ’ ಅಂತ ಹಾಕಲು ಅದರಲ್ಲಿ ಅವಕಾಶ ಇದೆ.

ಉಡುಪಿಯವರಿಗೆ

ಇಷ್ಟು ದೂರ ಬರಬೇಕಾಗಿಲ್ಲ. ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋಗಿ. ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಜಾಗ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ರಸ್ತೆ, ಇಲ್ಲಿಯ ಹಾಗೇ. ಮಲ್ಪೆಯ ಸೀ ವಾಕ್ ಗರುಡ ನೋಡಲು ಅಡ್ಡಿಯಿಲ್ಲ, ಆದರೆ ಭಾನುವಾರ ಸಂಜೆ ಬೇಡ.

ಮನೆಗೆ ಬಂದ ಮೇಲೆ

ಬಿಸಿಲೇರಿ 9.30 ಆದರೆ ವಾಪಸ್ ಹೊರಡಿ. ದಾರಿಯಲ್ಲಿ ಒಂದು ಬೊಂಡ, ಈಚೆ ದಡಕ್ಕೆ ಬಂದು ಎರಡು ಬನ್ಸ್. ಮನೆಗೆ ಬಂದ ಕೂಡಲೇ ಮಲಗಬೇಡಿ, ಉಪ್ಪು ಕಾಯುವುದಿಲ್ಲ. ಮೆತ್ತಗಿನ ಬಟ್ಟೆಯನ್ನು ಸಿಹಿನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ವಾಚಿನ ಬೆನ್ನು, ಬದಿ, ಕೀಯ ಸುತ್ತ ಒರೆಸಿ. ಬೆಲ್ಟ್ ಕಳಚಿ ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಹಾಕಿ. ದುರ್ಬೀನಿನ ಗಾಜಿನ ಮೇಲಿನ ಮರಳನ್ನು ಮೊದಲು ಊದಿ ತೆಗೆಯಿರಿ, ಆಮೇಲೆ ಒರೆಸಿ. ಮರಳಿದ್ದ ಹಾಗೇ ಒರೆಸಿದರೆ ಗೀರು ಬೀಳುವುದು ಗ್ಯಾರಂಟಿ.

ಇಳಿತದ ಚೀಟಿ ಬಿಸಾಡಬೇಡಿ. ಅದರ ಹಿಂದೆ ಹದಿನೈದು ದಿನದ ನಂತರದ ತಾರೀಕು ಬರೆದು, ವಾಚ್ ಇಡುವ ಡಬ್ಬಿಯೊಳಗೆ ಹಾಕಿಡಿ.